57 ಸುರಂಗ, ಇಬ್ಬರು ಮಕ್ಕಳು, ಒಂದೇ ಊರು

"ಟ್ರಿಪ್ಪಾ? ನಾನು ಬರಲ್ಲ. ಅಜ್ಜಿ ಮನೇಲಿ ಇರ್ತೀನಿ."

ಏಳು ವರ್ಷದ ನನ್ನ ಮಗಳು ಹೀಗಂದಿದ್ದು ಆಗಸ್ಟ್ ತಿಂಗಳ ಒಂದು ಭಾನುವಾರ ಬೆಳಗ್ಗೆ, ದೋಸೆ ಮುರಿದು ಚಟ್ನಿಗೆ ಅದ್ದುತ್ತಾ. ದಸರಾ ರಜೆಗೆ ಎಲ್ಲಿಗೆ ಹೋಗೋಣ ಪುಟ್ಟಿ ಅಂತ ಕೇಳಿದ್ದೆ, ಅಷ್ಟೇ. ಅವಳ ದನಿಯಲ್ಲಿ ಕೋಪ ಇರಲಿಲ್ಲ, ಹಟ ಇರಲಿಲ್ಲ. ಹಾಗಲಕಾಯಿ ಪಲ್ಯ ಬೇಡ ಅನ್ನುವಷ್ಟೇ ಸಲೀಸಾಗಿ ಹೇಳಿದಳು. ನಾನೂ ನನ್ನ ಗಂಡನೂ ಮುಖ ಮುಖ ನೋಡಿಕೊಂಡ್ವಿ. ಯಾಕೆ ಅಂತ ಕೇಳುವ ಅಗತ್ಯ ಇಬ್ಬರಿಗೂ ಇರಲಿಲ್ಲ.

ಹೋದ ವರ್ಷದ ಮೇ ತಿಂಗಳ ಕತೆ ಅದು. ಇಬ್ಬರಿಗೂ ಆಫೀಸಲ್ಲಿ ನಾಲ್ಕೇ ದಿನ ರಜೆ ಸಿಕ್ಕಿತ್ತು. ನಾಲ್ಕು ದಿನದಲ್ಲಿ ಎಷ್ಟು ಜಾಗ ಹಿಡಿಸಬಹುದು ಅಂತ ಕೂತು ಎಕ್ಸೆಲ್ ಶೀಟ್ ಮಾಡಿದ್ವಿ. ಶೃಂಗೇರಿ, ಸಿರಿಮನೆ ಜಲಪಾತ, ಆಗುಂಬೆ, ಉಡುಪಿ, ಮಲ್ಪೆ, ಕೊಲ್ಲೂರು, ಮುರುಡೇಶ್ವರ, ಇಡಗುಂಜಿ, ಜೋಗ. ಒಂಬತ್ತು ಜಾಗ. ಮೇ ತಿಂಗಳಲ್ಲಿ ಜೋಗದಲ್ಲಿ ನೋಡೋಕೆ ಬಂಡೆ ಬಿಟ್ಟರೆ ಹೆಚ್ಚೇನೂ ಇರಲ್ಲ ಅನ್ನೋದು ಗೊತ್ತಿದ್ದೂ ಪಟ್ಟಿಯಲ್ಲಿ ಹಾಕಿದ್ವಿ ಅಂದ್ರೆ ನೀವೇ ಲೆಕ್ಕ ಹಾಕಿ. ಬೆಳಗಿನ ಜಾವ ನಾಲ್ಕಕ್ಕೆ ಮಕ್ಕಳನ್ನ ನಿದ್ದೆಗಣ್ಣಲ್ಲೇ ಎತ್ತಿಕೊಂಡು ಕಾರಿಗೆ ಹಾಕಿದ್ವಿ.

ಆಗುಂಬೆ ಘಾಟಿಯಲ್ಲಿ 14 ಕಡಿದಾದ ತಿರುವುಗಳಿವೆ. ಮಗಳು ಆರನೇ ತಿರುವಿನಲ್ಲಿ ವಾಂತಿ ಮಾಡಿಕೊಂಡಳು. ತಪ್ಪು ಘಾಟಿಯದಲ್ಲ. ಹೊಟ್ಟೆ ತುಂಬ ಮಸಾಲೆ ದೋಸೆ ತಿನ್ನಿಸಿ, ಸುಮ್ಮನಿರಲಿ ಅಂತ ಕೈಗೆ ಟ್ಯಾಬ್ ಕೊಟ್ಟು ಕೂರಿಸಿದ್ದು ನಾವು. ಕಣ್ಣು ನಿಂತಲ್ಲೇ ನಿಂತ ಪರದೆಯನ್ನ ನೋಡ್ತಿರುತ್ತೆ, ಕಿವಿಯ ಒಳಗಿನ ಸಮತೋಲದ ಅಂಗ ಮಾತ್ರ ಗಾಡಿ ತಿರುಗುತ್ತಿದೆ ಅಂತ ಹೇಳ್ತಿರುತ್ತೆ. ಎರಡರ ಮಾತೂ ಹೊಂದದೆ ಮೆದುಳು ಗೊಂದಲಕ್ಕೆ ಬಿದ್ದಾಗ ಹೊಟ್ಟೆ ತೊಳೆಸುತ್ತೆ. ಎರಡು ವರ್ಷದೊಳಗಿನ ಕೂಸುಗಳಿಗೆ ಇದು ಕಡಿಮೆ, ಎರಡರಿಂದ ಹನ್ನೆರಡರ ನಡುವಿನವರಿಗೆ ಜಾಸ್ತಿ. ಘಾಟಿ ಬರೋದಕ್ಕೆ ಒಂದು ಗಂಟೆ ಮುಂಚೆ ಇಡ್ಲಿಯಂಥ ಹಗುರ ತಿಂಡಿ, ಕಿಟಕಿಯಿಂದ ಗಾಳಿ, ದೂರದ ಬೆಟ್ಟ ನೋಡೋಕೆ ಹೇಳೋದು, ಪುಸ್ತಕ-ಮೊಬೈಲು ಎರಡೂ ಬ್ಯಾಗೊಳಗೆ. ಇಷ್ಟು ಮಾಡಿದ್ರೆ ಅರ್ಧ ತೊಂದರೆ ಕಳೆಯುತ್ತೆ. ಮಾತ್ರೆ ಬೇಕೇ ಬೇಕು ಅನ್ನೋ ಮಕ್ಕಳಿದ್ದಾರೆ. ಆದರೆ ಅದು ನಿಮ್ಮ ಮಕ್ಕಳ ಡಾಕ್ಟರು ತೂಕ ನೋಡಿ ಬರೆದುಕೊಟ್ಟ ಮಾತ್ರೆ ಆಗಿರಲಿ, ಪಕ್ಕದ ಮನೆಯವರು ಹೇಳಿದ್ದಲ್ಲ.

ಅಷ್ಟಕ್ಕೇ ನಿಂತಿದ್ರೆ ನಗುತ್ತಾ ಹೇಳಿಕೊಳ್ಳಬಹುದಿತ್ತು. ಮೂರನೇ ದಿನ ಮಧ್ಯಾಹ್ನ ಮುರುಡೇಶ್ವರ. 123 ಅಡಿ ಎತ್ತರದ ಶಿವ, ಕೆಳಗೆ ಕಾದ ನೆಲ, ಬರಿಗಾಲು. ಗೋಪುರದ ಲಿಫ್ಟಿಗೆ ಸರದಿಯಲ್ಲಿ ನಿಂತ್ವಿ. ಪುಟ್ಟಿ ನೀರು ಬೇಡ ಅಂದಳು, ಊಟ ಬೇಡ ಅಂದಳು, ಆಮೇಲೆ ಏನೂ ಹೇಳೋದನ್ನೇ ನಿಲ್ಲಿಸಿದಳು. ಪಾಪ, ಸುಸ್ತಾಗಿದೆ, ಮಲಗಲಿ ಅಂದುಕೊಂಡ್ವಿ. ಸಂಜೆ ಕಾರಿನಲ್ಲಿ ಎಬ್ಬಿಸಿದರೆ ಕತ್ತು ನಿಲ್ಲಲಿಲ್ಲ. ತುಟಿ ಒಣಗಿತ್ತು, ಅತ್ತರೆ ಕಣ್ಣೀರು ಬರ್ತಿರಲಿಲ್ಲ.

ದಾರಿಯಲ್ಲಿ ಸಿಕ್ಕ ಒಂದು ನರ್ಸಿಂಗ್ ಹೋಮಿಗೆ ಎತ್ತಿಕೊಂಡು ಓಡಿದ್ವಿ. ಡಾಕ್ಟರು ನಾಡಿ ನೋಡುತ್ತಾ ಕೇಳಿದ ಮೊದಲ ಪ್ರಶ್ನೆ ಇದು: "ಮಗು ಬೆಳಗ್ಗಿಂದ ಎಷ್ಟು ಸಲ ಮೂತ್ರಕ್ಕೆ ಹೋಗಿದೆ?"

ನನಗೆ ಗೊತ್ತಿರಲಿಲ್ಲ. ಇವರಿಗೂ ಗೊತ್ತಿರಲಿಲ್ಲ. ನನ್ನ ಫೋನಿನಲ್ಲಿ ಆ ದಿನದ ನಲವತ್ತು ಫೋಟೋ ಇದ್ದವು.

ಡ್ರಿಪ್ ಹಾಕಿದರು. ರಾತ್ರಿ ಹನ್ನೊಂದರ ಹೊತ್ತಿಗೆ ಕಣ್ಣು ಬಿಟ್ಟಳು. ನಾನು ಬಗ್ಗಿ ಹಣೆ ಸವರಿದೆ. "ಅಮ್ಮಾ, ನಾಳೆ ಇನ್ನೂ ಎಷ್ಟು ಜಾಗ ಇದೆ?" ಅಂದಳು.

ಇಡಗುಂಜಿ, ಜೋಗ ಎರಡನ್ನೂ ಬಿಟ್ಟು ಬೆಂಗಳೂರಿಗೆ ಬಂದ್ವಿ. ಅದಾದ ಮೇಲೆ ಒಂದೂಕಾಲು ವರ್ಷ ಎಲ್ಲಿಗೂ ಹೋಗಲಿಲ್ಲ.

ಮೂರು ಷರತ್ತು

ಆ ಭಾನುವಾರ ದೋಸೆ ಮುಗಿದ ಮೇಲೆ ಅವಳ ಅಪ್ಪ ಒಂದು ಹಾಳೆ, ಪೆನ್ಸಿಲ್ ತಂದು ಅವಳ ಮುಂದೆ ಇಟ್ಟರು. "ನೀನು ಏನು ಹೇಳ್ತೀಯೋ ಹಾಗೇ ಹೋಗೋಣ. ಬರಿ." ಹತ್ತು ನಿಮಿಷ ತಲೆ ಕೆರೆದುಕೊಂಡು ಬರೆದಳು. ಕಾರು ಬೇಡ. ಕತ್ತಲಲ್ಲಿ ಎಬ್ಬಿಸಬಾರದು. ಸಾಕು ಅಂದ್ರೆ ಸಾಕು.

ಎರಡನೆಯದಕ್ಕೆ ಸ್ವಲ್ಪ ಚೌಕಾಸಿ ಮಾಡಬೇಕಾಯ್ತು. ಯಶವಂತಪುರದಿಂದ ಕರಾವಳಿ ಕಡೆ ಹೋಗುವ ಹಗಲು ರೈಲು ಬೆಳಗ್ಗೆಯೇ ಹೊರಡುತ್ತೆ, ಐದೂವರೆಗಾದರೂ ಏಳಲೇಬೇಕು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟಿಯಲ್ಲಿ 57 ಸುರಂಗ ಇದೆ ಅಂದಾಗ ಅವಳ ಕಣ್ಣು ಸ್ವಲ್ಪ ಅರಳಿತು. "ಐವತ್ತೇಳೂ ಕತ್ತಲೇನಾ?" ಐವತ್ತೇಳೂ ಕತ್ತಲೆ. ಸರಿ, ಐದೂವರೆಗೆ ಒಪ್ಪಿದಳು.

ಊರು ಒಂದೇ ಅಂತ ಅವತ್ತೇ ನಿರ್ಧಾರ ಮಾಡಿದ್ವಿ. ಉಡುಪಿ. ಮೂರು ರಾತ್ರಿ, ಒಂದೇ ರೂಮು. ಶೀಟೂ ಇಲ್ಲ, ಪಟ್ಟಿಯೂ ಇಲ್ಲ.

ರೈಲಿನ ಬುಕಿಂಗ್ 60 ದಿನ ಮುಂಚೆ ಬೆಳಗ್ಗೆ 8ಕ್ಕೆ ತೆರೆಯುತ್ತೆ. 2024ರ ನವೆಂಬರ್‌ಗೆ ಮೊದಲು ಇದು 120 ದಿನ ಇತ್ತು, ಹಳೇ ಲೆಕ್ಕ ಇಟ್ಟುಕೊಂಡವರು ಗಮನಿಸಿ. ದಸರಾ ಸಮಯ ಅಂದ್ರೆ ಆ ಬೆಳಗ್ಗೆಯೇ ಕೂತು ಮಾಡಬೇಕು. ಐದು ವರ್ಷ ತುಂಬದ ಮಗುವಿಗೆ ಟಿಕೆಟ್ ಬೇಡ, ಆದರೆ ಸೀಟೂ ಸಿಗಲ್ಲ. ಐದರಿಂದ ಹನ್ನೆರಡರೊಳಗಿನವರಿಗೆ ಪ್ರತ್ಯೇಕ ಬರ್ತ್ ಬೇಕು ಅಂದ್ರೆ ದೊಡ್ಡವರ ಪೂರ್ತಿ ದರ. ನಮ್ಮ ಗುಂಡನಿಗೆ ಎರಡೂವರೆ ವರ್ಷ. ತೊಡೆ ಮೇಲೆ ಕೂರಿಸಿಕೊಳ್ತೀನಿ ಅಂತ ನಾನು ಧೈರ್ಯ ಮಾಡಿದೆ. ಇಡೀ ಹಗಲಿನ ಪಯಣಕ್ಕೆ ಅದು ದಡ್ಡತನ. ನಿಮಗೆ ಸಾಧ್ಯವಾದರೆ ಚಿಕ್ಕದಕ್ಕೂ ವಯಸ್ಸು ಸೇರಿಸಿ ಒಂದು ಸೀಟು ತೊಗೊಂಡುಬಿಡಿ.

ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿಯ ಬಗ್ಗೆ ಎಲ್ಲರೂ ಕೇಳ್ತಾರೆ. ಚೆನ್ನಾಗಿದೆ, ದುಬಾರಿ, ಕಿಟಕಿ ತೆರೆಯಲ್ಲ. ವಾಂತಿ ಮಾಡುವ ಮಗು ಜೊತೆಗಿದ್ದರೆ ಕಿಟಕಿ ತೆರೆಯುವ ಸಾದಾ ಸಿಟ್ಟಿಂಗ್ ಬೋಗಿಯೇ ವಾಸಿ ಅನ್ನೋದು ನನ್ನ ಅಭಿಪ್ರಾಯ. ಸರಳಿನಾಚೆ ಕೈ ಹಾಕದ ಹಾಗೆ ಮಾತ್ರ ಕಣ್ಣಿಟ್ಟಿರಬೇಕು.

ಇನ್ನು ಕಾರಲ್ಲೇ ಹೋಗುವವರಿಗೆ ಒಂದು ಮಾತು. ನಮ್ಮ ಹಾಗೆ ಮಗುವನ್ನ ತೊಡೆ ಮೇಲೆ ಕೂರಿಸಿಕೊಂಡು ಮುಂದಿನ ಸೀಟಿನಲ್ಲಿ ಕೂರಬೇಡಿ. ನಾನೂ ಕೂತಿದ್ದೆ, ಅದಕ್ಕೇ ಹೇಳ್ತಿದ್ದೀನಿ. 2019ರ ತಿದ್ದುಪಡಿ ಕಾನೂನಿನ ಪ್ರಕಾರ 14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದಿದ್ದರೆ 1,000 ರೂಪಾಯಿ ದಂಡ. ದಂಡ ಬಿಡಿ, ಜೋರಾಗಿ ಬ್ರೇಕ್ ಹೊಡೆದರೆ ನಮ್ಮ ತೋಳಿಗೆ ಮಗುವನ್ನ ಹಿಡಿದು ನಿಲ್ಲಿಸುವ ಶಕ್ತಿ ಇಲ್ಲ.

ಚೀಲದಲ್ಲಿ ಏನಿತ್ತು

ಮಕ್ಕಳ ಬಟ್ಟೆಯನ್ನ ದಿನಕ್ಕೊಂದು ಜೊತೆಯ ಹಾಗೆ ಮಡಚಿ ಒಂದೊಂದು ಜಿಪ್ ಕವರಿಗೆ ಹಾಕಿದೆ. ಬಟ್ಟೆ ಹೊರಬಂದ ಮೇಲೆ ಅದೇ ಕವರಿಗೆ ಕೊಳೆ ಬಟ್ಟೆ, ಒದ್ದೆ ಬಟ್ಟೆ. ರೂಮಲ್ಲಿ ಒಣಹಾಕೋಕೆ ನಾಲ್ಕು ಮೀಟರ್ ನೈಲಾನ್ ಹಗ್ಗ, ಆರು ಕ್ಲಿಪ್. ತಿನ್ನೋಕೆ ಚಿತ್ರಾನ್ನ, ಬೆಲ್ಲ ತುಪ್ಪ ಸವರಿ ಸುತ್ತಿದ ಚಪಾತಿ, ಒಗ್ಗರಣೆ ಅವಲಕ್ಕಿ, ಗುಂಡನಿಗೆ ರಾಗಿ ಹಿಟ್ಟು. ಮೊಸರನ್ನ ಬೇಡ, ಸೆಕೆಗೆ ಮಧ್ಯಾಹ್ನದೊಳಗೆ ಹುಳಿ ಬರುತ್ತೆ. ಗುಂಡನಿಗೆ ಪ್ಲಾಸ್ಟಿಕ್ ಪಾಟಿ ಕೂಡ ತೊಗೊಂಡೆ. ಇವರು ನಕ್ಕರು. ರೈಲಿನ ಟಾಯ್ಲೆಟ್ಟಿನಲ್ಲಿ ಓಲಾಡುತ್ತಾ ಮಗುವನ್ನ ಎತ್ತಿ ಹಿಡಿದು ನಿಂತವರು ನಗಲ್ಲ.

ಔಷಧಿ ಪರ್ಸು ನನ್ನ ಹೆಗಲಿಗೇ. ಥರ್ಮಾಮೀಟರು, ಬ್ಯಾಂಡೇಜು, ತೂಕಕ್ಕೆ ತಕ್ಕ ಡೋಸ್ ಬರೆಸಿಕೊಂಡ ಪ್ಯಾರಾಸಿಟಮಾಲ್ ಸಿರಪ್, ಓಆರ್‌ಎಸ್ ನಾಲ್ಕು ಪೊಟ್ಟಣ. ಓಆರ್‌ಎಸ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ಆ ರಾತ್ರಿಯವರೆಗೆ ನನಗೇ ಸರಿಯಾಗಿ ಗೊತ್ತಿರಲಿಲ್ಲ. ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರ್ ಕುಡಿಯುವ ನೀರಿಗೆ. ಅರ್ಧ ಪೊಟ್ಟಣ ಒಂದು ಲೋಟಕ್ಕೆ ಅಂತ ಅಂದಾಜು ಮಾಡಬಾರದು, ಗಟ್ಟಿಯಾದರೆ ತೊಂದರೆ ಹೆಚ್ಚುತ್ತೆ. ಚಿಕ್ಕ ಪೊಟ್ಟಣವೂ ಸಿಗುತ್ತೆ, ಎಷ್ಟು ನೀರು ಅಂತ ಅದರ ಮೇಲೇ ಇರುತ್ತೆ. ಕಲಸಿದ್ದನ್ನ 24 ಗಂಟೆಯೊಳಗೆ ಮುಗಿಸಬೇಕು, ಉಳಿದರೆ ಚೆಲ್ಲಬೇಕು. ವಾಂತಿಯಾದ ತಕ್ಷಣ ಗಟಗಟ ಕುಡಿಸಬೇಡಿ, ಹತ್ತು ನಿಮಿಷ ಬಿಟ್ಟು ಚಮಚ ಚಮಚವಾಗಿ ಕೊಡಿ. ಅಂಗಡಿಯಲ್ಲಿ ಜ್ಯೂಸ್ ಡಬ್ಬಿಯಂತೆ ಇರುವ ಸಿಹಿ ಪಾನೀಯ ಕೊಟ್ಟರೆ ತೊಗೋಬೇಡಿ. ಡಬ್ಲ್ಯುಎಚ್‌ಒ ಸೂತ್ರದಂತೆ ಇಲ್ಲದ ಇಂಥ ಪಾನೀಯಗಳಿಗೆ ಓಆರ್‌ಎಸ್ ಅನ್ನೋ ಹೆಸರು ಬಳಸಬಾರದು ಅಂತ ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರ್‌ನಲ್ಲಿ ಆದೇಶ ಮಾಡಿದೆ. ಮಗು ಆರೆಂಟು ಗಂಟೆ ಮೂತ್ರ ಮಾಡದಿದ್ದರೆ, ಮಂಕಾಗಿ ಮಲಗಿಯೇ ಇದ್ದರೆ, ಚಮಚವೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಪೊಟ್ಟಣ ಹುಡುಕುತ್ತಾ ಕೂರದೆ ಆಸ್ಪತ್ರೆಗೆ ಹೋಗಿ.

ಪುಟ್ಟಿಯ ಚೀಲ ಪುಟ್ಟಿಯದೇ. ನೀರಿನ ಬಾಟಲಿ, ಒಂದು ಜೊತೆ ಬಟ್ಟೆ, ಬಣ್ಣದ ಪೆನ್ಸಿಲ್, ಒಂದು ನೋಟ್‌ಬುಕ್. ಚೀಲದ ಹೊರಗೆ ಹೆಸರು ಬರೆಯಲಿಲ್ಲ. ಹೆಸರು ಹಿಡಿದು ಕರೆದವರನ್ನ ಮಕ್ಕಳು ಬೇಗ ನಂಬಿಬಿಡ್ತಾರೆ. ಬದಲಿಗೆ ಇಬ್ಬರ ಮುಂಗೈ ಒಳಭಾಗದಲ್ಲಿ ಬಾಲ್‌ಪೆನ್ನಿನಿಂದ ನನ್ನ ಫೋನ್ ನಂಬರ್. ಹೊರಗೆ ಹೊರಡುವ ಮುಂಚೆ ಇಬ್ಬರನ್ನೂ ನಿಲ್ಲಿಸಿ ಒಂದು ಫೋಟೋ, ಅವತ್ತು ಹಾಕಿದ ಬಟ್ಟೆ ಕಾಣೋ ಹಾಗೆ. ಮಗು ಕಳೆದುಹೋದಾಗ ಯಾವ ಬಣ್ಣದ ಅಂಗಿ ಅಂತ ಕೇಳಿದರೆ ಯಾವ ತಾಯಿಗೂ ನೆನಪಾಗಲ್ಲ. ರೈಲಲ್ಲಾದರೆ 139, ಎಲ್ಲೇ ಆದರೂ 112, ಮಕ್ಕಳ ಸಹಾಯವಾಣಿ 1098. ಮೂರನ್ನೂ ಫೋನಿಗೆ ಹಾಕಿಕೊಂಡಿದ್ದೆ.

ಐವತ್ತೆರಡೋ, ಐವತ್ತೇಳೋ

ಕುಣಿಗಲ್ಲಿನ ತೆಂಗಿನ ತೋಟ ದಾಟುವ ಹೊತ್ತಿಗೆ ಗುಂಡ ಬೋಗಿಯ ಈ ತುದಿಯಿಂದ ಆ ತುದಿಗೆ ಹತ್ತು ಸಲ ಓಡಿದ್ದ. ಹಾಸನದಲ್ಲಿ ಹತ್ತಿದ ಅಜ್ಜಿಯೊಬ್ಬರು ಕೋಡುಬಳೆ ಕೊಟ್ಟು ಪಕ್ಕದಲ್ಲಿ ಕೂರಿಸಿಕೊಂಡರು. "ಇದಕ್ಕೆ ಕಾಲು ಇದೆಯೋ ಚಕ್ರ ಇದೆಯೋ?" ಅಂದರು. ಸಕಲೇಶಪುರದಲ್ಲಿ ರೈಲು ಒಂದಷ್ಟು ಹೊತ್ತು ನಿಲ್ಲುತ್ತೆ. ಮಕ್ಕಳನ್ನ ಟಾಯ್ಲೆಟ್ಟಿಗೆ ಕರೆದುಕೊಂಡು ಹೋಗೋಕೆ, ಬಾಟಲಿಗೆ ನೀರು ತುಂಬೋಕೆ ಇದೇ ಸಮಯ, ಇದನ್ನ ಬಿಡಬೇಡಿ. ನಾವು ಕಾಫಿ ಕುಡಿಯುತ್ತಾ ಬಿಟ್ಟುಬಿಟ್ವಿ. ಅದರ ಫಲ ಮುಂದೆ ಬರುತ್ತೆ.

ಅಲ್ಲಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿ.ಮೀ. ರೈಲು ನಿಧಾನಕ್ಕೆ, ಹಿಡಿದು ಹಿಡಿದು ಇಳಿಯುತ್ತೆ. ಮೊದಲು ಕಾಫಿ ತೋಟ, ಆಮೇಲೆ ತೋಟ ಮುಗಿದು ಬರೀ ಕಾಡು. ಅಕ್ಟೋಬರ್ ಆದ್ದರಿಂದ ಮಳೆ ಹಿಂದೆ ಸರಿದಿತ್ತು, ಬಂಡೆಗಳ ಮೈಮೇಲೆ ನೀರು ಇನ್ನೂ ಇಳೀತಿತ್ತು. ಸೇತುವೆ ಬಂದಾಗ ಕೆಳಗೆ ನೋಡಿದರೆ ಮರದ ತಲೆಗಳು. ಸುರಂಗದೊಳಗೆ ಹೋದ ಕೂಡಲೇ ಇಡೀ ಬೋಗಿಯ ಮಕ್ಕಳೆಲ್ಲ "ಓ..." ಅಂತ ಕೂಗುತ್ತವೆ, ಕಾಲೇಜು ಹುಡುಗರೂ ಕೂಗುತ್ತಾರೆ, ಐದನೇ ಸುರಂಗದ ಹೊತ್ತಿಗೆ ನನ್ನ ಗಂಡನೂ ಕೂಗೋಕೆ ಶುರುಮಾಡಿದರು. ಫೋನಿನ ಸಿಗ್ನಲ್ ಹೋಗಿ ಬಂದು ಹೋಗಿ ಕೊನೆಗೆ ಪೂರ್ತಿ ಹೋಯ್ತು. ಆಫೀಸಿನ ಮೆಸೇಜು ಬರಲ್ಲ ಅನ್ನೋದಕ್ಕೆ ಒಂದು ಒಳ್ಳೇ ಕಾರಣ.

ಪುಟ್ಟಿ ನೋಟ್‌ಬುಕ್ ತೆರೆದು ಒಂದೊಂದು ಸುರಂಗಕ್ಕೂ ಒಂದೊಂದು ಗೀಟು ಎಳೆಯುತ್ತಾ ಕೂತಳು. ಎಡಕುಮೇರಿ ದಾಟಿದ ಮೇಲೆ ಮುಖ ಸಪ್ಪಗಾಯ್ತು. ನನಗೆ ಎದೆ ಧಸಕ್ ಅಂತು. "ಹೊಟ್ಟೆ ತೊಳೆಸ್ತಿದೆಯಾ?" "ಇಲ್ಲ. ಸುಸು." ಹೋಗಿ ಬರೋದರೊಳಗೆ ಐದು ಸುರಂಗ ಕಳೆದಿದ್ದವು. ಸುಬ್ರಹ್ಮಣ್ಯ ರೋಡ್‌ನಲ್ಲಿ ಎಣಿಸಿದರೆ ಗೀಟು ಐವತ್ತೆರಡು. ಐದು ಗೀಟು ನಾನೇ ಸೇರಿಸ್ತೀನಿ ಅಂದೆ. ನೋಡದೇ ಇರೋದನ್ನ ಬರೆಯಬಾರದು ಅಂದಳು. ಗುಂಡ ಐವತ್ತೇಳಕ್ಕೆ ಐವತ್ತೇಳನ್ನೂ ಅಜ್ಜಿಯ ತೊಡೆ ಮೇಲೆ ನಿದ್ದೆ ಮಾಡಿ ಕಳೆದ.

ವಾಂತಿ ಆಗಲಿಲ್ಲ. ಅದನ್ನ ನಾವಿಬ್ಬರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳಿದರೆ ಎಲ್ಲಿ ಆಗಿಬಿಡುತ್ತೋ ಅಂತ.

ಸಂಜೆ ಉಡುಪಿಯ ಇಂದ್ರಾಳಿ ಸ್ಟೇಷನ್ನಿನಲ್ಲಿ ಇಳಿದಾಗ ಗಾಳಿಯೇ ಬೇರೆ, ಮೈಗೆ ಅಂಟುವ ಗಾಳಿ. ರೂಮಿಗೆ ಹೋದ ತಕ್ಷಣ ನಾನು ಮಾಡಿದ್ದು ಬಾಲ್ಕನಿ ಪರೀಕ್ಷೆ. ಕಂಬಿಗಳ ನಡುವೆ ಗುಂಡನ ತಲೆ ತೂರುತ್ತಾ, ಹತ್ತೋಕೆ ಕುರ್ಚಿ ಏನಾದರೂ ಇದೆಯಾ, ಚಿಲಕ ಅವನ ಕೈಗೆ ಎಟುಕುತ್ತಾ. ಕುರ್ಚಿ ಒಳಗೆ ತಂದಿಟ್ಟೆ. ಬುಕ್ ಮಾಡುವ ಮುಂಚೆ ಫೋನ್ ಮಾಡಿ ಕೇಳಿದ್ದು ಮೂರೇ ಪ್ರಶ್ನೆ: ಬಿಸಿನೀರು ದಿನಪೂರ್ತಿ ಬರುತ್ತಾ, ಹತ್ತಿರದಲ್ಲಿ ಮೆಡಿಕಲ್ ಶಾಪ್ ಇದೆಯಾ, ಮಂಚ ಗೋಡೆಗೆ ತಾಗಿಸಿ ಹಾಕಬಹುದಾ. ಈಜುಕೊಳ ಇದೆಯಾ ಅಂತ ಕೇಳಲಿಲ್ಲ. ಸಮುದ್ರ ಇರುವ ಊರಲ್ಲಿ ಈಜುಕೊಳ ಯಾಕೆ ಬೇಕು ಅನ್ನೋದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಬೆಳ್ತಿಗೆ ಅನ್ನ

ಮೊದಲ ದಿನ ಹನ್ನೊಂದರವರೆಗೆ ಮಲಗಿದ್ವಿ. ಹೋದ ವರ್ಷ ಇಷ್ಟು ಹೊತ್ತಿಗೆ ಎರಡು ಜಾಗ ಮುಗಿಸಿರ್ತಿದ್ವಿ ಅಂತ ಇವರು ಹೇಳಿದರು, ಸ್ವಲ್ಪ ಬೇಜಾರಿನಲ್ಲೇ.

ಹೋಟೆಲಲ್ಲಿ ಊಟಕ್ಕೆ ಕೂತರೆ ಕೆಂಪಗಿನ ದಪ್ಪ ಕುಚ್ಚಲಕ್ಕಿ ಅನ್ನ ಬಂತು. ಪುಟ್ಟಿ ಮೂಗು ಮುರಿದಳು. ಬಡಿಸುತ್ತಿದ್ದವರು ನೋಡಿ ನಕ್ಕರು. "ಬೆಂಗಳೂರಿಂದಲಾ? ಮಕ್ಕಳಿಗೆ ಬೆಳ್ತಿಗೆ ಅನ್ನ ತರ್ತೇನೆ, ಉಂಟು. ಸಣ್ಣವನಿಗೆ ಎಂತ ಕೊಡುದು? ಗಂಜಿ ಮಾಡಿ ಕೊಡ್ಲಾ?" ನಮ್ಮ ಬಿಳಿ ಅನ್ನಕ್ಕೆ ಇಲ್ಲಿ ಬೆಳ್ತಿಗೆ ಅಂತಾರೆ. ಈ ಒಂದು ಪದ ಕಲಿತರೆ ಕರಾವಳಿಯಲ್ಲಿ ಮಕ್ಕಳ ಊಟದ ಅರ್ಧ ಜಗಳ ತಪ್ಪುತ್ತೆ. ಗುಂಡನಿಗೆ ಬಂದ ಗಂಜಿಗೆ ಉಪ್ಪು, ಚೂರು ತುಪ್ಪ. ಒಂದು ಬಟ್ಟಲು ಮುಗಿಸಿ ಇನ್ನೊಂದಕ್ಕೆ ಕೈ ಚಾಚಿದ. ದುಡ್ಡು ಕೊಡೋಕೆ ಹೋದರೆ "ಗಂಜಿಗೆ ಎಂತ ದುಡ್ಡು ಮಾರಾಯ್ರೆ" ಅಂದರು. ಊರೂರಲ್ಲಿ ಮಕ್ಕಳಿಗೆ ನೂಡಲ್ಸ್ ಹುಡುಕುವ ಬದಲು ಹೋಟೆಲ್ ಅಡುಗೆಯವರನ್ನ ಬಾಯಿಬಿಟ್ಟು ಕೇಳಿ. ಸಪ್ಪೆ ಸಾರು, ಗಂಜಿ, ಮೆತ್ತಗಿನ ಇಡ್ಲಿ, ಯಾರೂ ಇಲ್ಲ ಅನ್ನಲ್ಲ.

ಬಿಸಿಲು ತಗ್ಗಿದ ಮೇಲೆ ರಥಬೀದಿ. ಅಷ್ಟಮಠಗಳು ಸುತ್ತಲೂ, ನಡುವೆ ಮಕ್ಕಳು ಓಡೋಕೆ ಬೇಕಾದಷ್ಟು ಜಾಗ. ಕೃಷ್ಣನನ್ನ ನೋಡೋದು ಒಂಬತ್ತು ಕಿಂಡಿಯ ಕಿಟಕಿಯಿಂದ. ಇವರು ಪುಟ್ಟಿಯನ್ನ ಎತ್ತಿ ಹಿಡಿದರು. "ಯಾವ ತೂತಲ್ಲಿ ನೋಡಬೇಕು?" ಅಂತ ಜೋರಾಗಿ ಕೇಳಿದಳು, ಹಿಂದೆ ನಿಂತವರೆಲ್ಲ ನಕ್ಕರು. ಹೊರಗೆ ಬಂದು ಗಡ್‌ಬಡ್ ಐಸ್‌ಕ್ರೀಮ್, ಒಂದಕ್ಕೆ ನಾಲ್ಕು ಚಮಚ. ಅವತ್ತಿಗೆ ಅಷ್ಟೇ.

ರಾತ್ರಿ ಮಲಗುವಾಗ ಇವರು ನನ್ನ ಫೋನ್ ತೊಗೊಂಡು ಏನೋ ಹುಡುಕುತ್ತಾ ನಿಂತುಬಿಟ್ಟರು. ನೋಟ್ಸಿನಲ್ಲಿ ನಾನು ಬರೆದಿಟ್ಟಿದ್ದು ಕಾಣಿಸಿತ್ತು. ಪು: 8.10, 11.30, 2.15, 5.00, 8.40. ಗು: ಲೆಕ್ಕ ತಪ್ಪಿದೆ, ಸಾಕಷ್ಟು. ಏನಿದು ಅಂತ ಅವರು ಕೇಳಲಿಲ್ಲ. ಮಾರನೇ ದಿನದಿಂದ ಅವರೂ ಬರೆಯತೊಡಗಿದರು.

ದೋಣಿಯ ಮುಂದೆ

ಮಲ್ಪೆಗೆ ಹೋಗುವ ಹೊತ್ತು ಬೆಳಗ್ಗೆ ಏಳು. ಒಂಬತ್ತೂವರೆಗೆ ವಾಪಸ್, ಮತ್ತೆ ಬೇಕಿದ್ದರೆ ಸಂಜೆ ನಾಲ್ಕೂವರೆ ಮೇಲೆ. ನಡುವಿನ ಬಿಸಿಲಿನಲ್ಲಿ ಮರಳು ಕಾಲು ಸುಡುತ್ತೆ. ಮಕ್ಕಳಿಗೆ ಕಿತ್ತಳೆ, ಹಳದಿ ಬಟ್ಟೆ ಹಾಕಿ. ನೀಲಿ ಅಂಗಿಯ ಮಗು ನೀರಲ್ಲಿ ಕಾಣೋದೇ ಇಲ್ಲ. ನೀರಿಗೆ ಇಳಿದ ಮಗು ಎಷ್ಟೇ ಚಿಕ್ಕ ಅಲೆಯಿರಲಿ ದೊಡ್ಡವರ ಕೈಗೆ ಎಟುಕುವಷ್ಟು ಹತ್ತಿರ ಇರಬೇಕು. ಇಬ್ಬರು ಮಕ್ಕಳಿಗೆ ಇಬ್ಬರು ದೊಡ್ಡವರು, ಫೋನು ಚೀಲದಲ್ಲಿ. ಅಲೆ ಹೇಗಿದೆ ಅಂತ ದಡದ ಜೀವರಕ್ಷಕರನ್ನ ಕೇಳಿ, ಅವರು ಬೇಡ ಅಂದ ಕಡೆ ಬೇಡ.

ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಹೊರಡೋದು ಇಲ್ಲಿಂದಲೇ. ಮಳೆಗಾಲದಲ್ಲಿ ನಿಂತಿರುತ್ತೆ, ಆಮೇಲೆ ಶುರುವಾಗುತ್ತೆ. ಲಾವಾ ತಣ್ಣಗಾಗುವಾಗ ಬಿರಿದು ಕಂಬ ಕಂಬವಾಗಿ ನಿಂತ ಶಿಲೆಗಳಿವೆ ಅಲ್ಲಿ. ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದ ಕಲ್ಲು ಅಂತಾರೆ ಭೂವಿಜ್ಞಾನಿಗಳು, ಎಂಟು ಕೋಟಿ ವರ್ಷಕ್ಕೂ ಹಿಂದಿನ ಮಾತು. ಹೋದ ವರ್ಷ ಸಮಯ ಸಾಲದೆ ಬಿಟ್ಟಿದ್ದು. ಇವರು ಶಾಲೆಯಲ್ಲಿದ್ದಾಗಿನಿಂದ ಅದರ ಚಿತ್ರ ನೋಡಿ ಆಸೆಪಟ್ಟವರು. ಎರಡನೇ ದಿನ ಮಕ್ಕಳು ಒಂದೂವರೆ ಗಂಟೆ ಮರಳಲ್ಲಿ ಹಳ್ಳ ತೋಡಿ ಆಡಿದ ಮೇಲೆ, ಬನ್ನಿ ದೋಣಿಗೆ ಹೋಗೋಣ ಅಂತ ಎದ್ದರು.

ಪುಟ್ಟಿ ಎದ್ದಳು, ನಾಲ್ಕು ಹೆಜ್ಜೆ ಬಂದಳು, ಸರದಿ ನೋಡಿದಳು. ನಿಂತಳು. "ಅಪ್ಪಾ, ಸಾಕು."

"ಇಷ್ಟೇ ಇಷ್ಟು ದೂರ ಪುಟ್ಟಿ. ಆ ಕಲ್ಲು ಬೇರೆಲ್ಲೂ..."

"ಸಾಕು ಅಂದ್ರೆ ಸಾಕು ಅಂತ ಬರೆದಿದ್ದೆ."

ಇವರ ಮುಖ ನೋಡೋಕಾಗಲಿಲ್ಲ. ಕೋಪ ಅಲ್ಲ, ಅದಕ್ಕಿಂತ ಕೆಟ್ಟದ್ದು. ನಾಲ್ಕು ನೂರು ಕಿಲೋಮೀಟರ್ ಬಂದು, ದುಡ್ಡು ಖರ್ಚು ಮಾಡಿ, ರಜೆ ಹಾಕಿ, ಎದುರಿಗೆ ಕಾಣುವ ದ್ವೀಪಕ್ಕೆ ಹೋಗಬಾರದಾ ಅನ್ನೋದು ನ್ಯಾಯವಾದ ಪ್ರಶ್ನೆಯೇ. ಬಾಯಿತುದಿಗೆ ಬಂದ ಮಾತು ನನಗೂ ಗೊತ್ತಿತ್ತು: ಹತ್ತು ನಿಮಿಷ ಅಷ್ಟೇ ಚಿನ್ನಾ, ಹೋಗಿ ಬಂದುಬಿಡೋಣ. ಮುರುಡೇಶ್ವರದ ಸರದಿಯಲ್ಲೂ ನಾನು ಅದನ್ನೇ ಹೇಳಿದ್ದೆ. ಇಲ್ಲಿ ಅವಳ ಮೈ ಚೆನ್ನಾಗಿತ್ತು, ನೀರು ಕುಡಿದಿದ್ದಳು, ಬಲವಂತ ಮಾಡಿದ್ದರೆ ಏನೂ ಆಗ್ತಿರಲಿಲ್ಲ ಕೂಡ. ಆದರೆ ಅವಳು ಅಪ್ಪನ ಮುಖವನ್ನೇ ನೋಡ್ತಿದ್ದಳು, ಹಾಳೆಯ ಮೇಲೆ ಬರೆಸಿದ್ದು ಸುಮ್ಮನೇನಾ ಅಂತ.

"ನೀವು ಹೋಗಿ ಬನ್ನಿ," ಅಂದೆ ನಾನು.

"ಒಬ್ಬನೇನಾ?"

"ಒಬ್ಬರೇ. ನಾವು ಹಳ್ಳ ತೋಡ್ತಿರ್ತೀವಿ."

ಫ್ಯಾಮಿಲಿ ಟ್ರಿಪ್ ಅಂದ್ರೆ ನಾಲ್ಕೂ ಜನ ನಾಲ್ಕೂ ದಿನ ಒಂದೇ ಹಗ್ಗಕ್ಕೆ ಕಟ್ಟಿದ ಹಾಗೆ ತಿರುಗಬೇಕು ಅಂತ ನಮಗೆ ಯಾರು ಹೇಳಿಕೊಟ್ಟರೋ ಗೊತ್ತಿಲ್ಲ. ಅವರು ಲೈಫ್ ಜಾಕೆಟ್ ಹಾಕಿಕೊಂಡು, ತಿರುಗಿ ತಿರುಗಿ ನೋಡುತ್ತಾ ದೋಣಿ ಹತ್ತಿದರು. ಒಬ್ಬಳೇ ಇಬ್ಬರನ್ನ ನೋಡಿಕೊಳ್ಳಬೇಕಾದ್ದರಿಂದ ನಾನು ಮಕ್ಕಳನ್ನ ನೀರಿನಿಂದ ದೂರ, ಒಣ ಮರಳಿಗೆ ಕರೆದುಕೊಂಡು ಬಂದೆ. ಸ್ವಲ್ಪ ಹೊತ್ತಿಗೆ ಬಿಸಿಲು ಏರಿತು, ಆಟೋ ಹಿಡಿದು ರೂಮಿಗೆ ಬಂದ್ವಿ. ಮಧ್ಯಾಹ್ನ ಬಂದ ಮನುಷ್ಯ ಬೇರೆಯೇ. ಕೂದಲೆಲ್ಲ ಉಪ್ಪು, ಮುಖವೆಲ್ಲ ಕೆಂಪು, ಮಾತು ನಿಲ್ಲದು. ಫೋನಿನಲ್ಲಿ ಕಲ್ಲುಕಂಬಗಳ ಫೋಟೋ ತೋರಿಸಿದರು. ಪುಟ್ಟಿ ಬೆರಳಿಟ್ಟು ಬದಿ ಎಣಿಸಿದಳು. ಒಂದು, ಎರಡು, ಮೂರು... ಆರು. "ಜೇನುಗೂಡು ಥರ ಇದೆ. ಇದನ್ನ ಯಾರು ಕೆತ್ತಿದ್ದು?" ಯಾರೂ ಕೆತ್ತಿಲ್ಲ ಅಂದಾಗ ಅವಳು ನಂಬಲಿಲ್ಲ. ಅಪ್ಪ ಮಗಳು ಒಂದು ಗಂಟೆ ಕೂತು ಲಾವಾ ಅಂದ್ರೇನು ಅಂತ ಮಾತಾಡಿದರು.

ಮೂರನೇ ದಿನ ಸಂಜೆ ನನ್ನ ಸರದಿ. ಮಕ್ಕಳನ್ನ ಅವರ ಹತ್ತಿರ ಬಿಟ್ಟು ಕಾಪುವಿಗೆ ಬಸ್ ಹತ್ತಿದೆ. ಅಲ್ಲಿ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭ ಇದೆ, ಒಳಗೆ ಸುತ್ತು ಮೆಟ್ಟಿಲು. ಹತ್ತಿ ಹೊರಗೆ ಬಂದರೆ ಗಾಳಿ, ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಕೊನೆಯಿಲ್ಲದ ತೆಂಗಿನ ಸಾಲು. ಏಳು ವರ್ಷದಲ್ಲಿ ಮೊದಲ ಸಲ ನನ್ನ ಕೈಯಲ್ಲಿ ಯಾರ ನೀರಿನ ಬಾಟಲಿಯೂ ಇರಲಿಲ್ಲ. ಮೊದಲ ಹತ್ತು ನಿಮಿಷ ಅಪರಾಧ ಮಾಡಿದ ಹಾಗೆ ಅನ್ನಿಸಿತು. ಆಮೇಲೆ ಅನ್ನಿಸಲಿಲ್ಲ. ಗುಂಡ ಬಿದ್ದು ಮೊಣಕಾಲು ತರಚಿಕೊಂಡನಂತೆ, ಬ್ಯಾಂಡೇಜ್ ಎಲ್ಲಿದೆ ಅಂತ ಒಂದು ಫೋನ್ ಬಂತು. ಪರ್ಸು ನನ್ನ ಹೆಗಲಲ್ಲೇ ಇತ್ತು. ಔಷಧಿ ಚೀಲ ಮಕ್ಕಳ ಜೊತೆಗಿರಬೇಕು, ಅಮ್ಮನ ಜೊತೆಗಲ್ಲ. ಇದನ್ನೂ ಬರೆದುಕೊಳ್ಳಿ.

ವಾಪಸ್ ಬಂದಿದ್ದು ರಾತ್ರಿಯ ಪಂಚಗಂಗಾ ಎಕ್ಸ್‌ಪ್ರೆಸ್‌ನಲ್ಲಿ. ಕೆಳಗಿನ ಬರ್ತ್, ಗುಂಡ ಗೋಡೆ ಬದಿಗೆ, ನಾನು ಅಂಚಿಗೆ, ಚಪ್ಪಲಿಗಳೆಲ್ಲ ಒಂದು ಕವರಿನಲ್ಲಿ. ಪುಟ್ಟಿ ಮಧ್ಯದ ಬರ್ತಿನಿಂದ ತಲೆ ಕೆಳಗೆ ಮಾಡಿ ಕೇಳಿದಳು, ರಾತ್ರಿಯಲ್ಲಿ ಸುರಂಗ ಯಾವುದು, ಬರೀ ಕತ್ತಲೆ ಯಾವುದು ಅಂತ ಹೇಗೆ ಗೊತ್ತಾಗುತ್ತೆ? ಸದ್ದು ಬದಲಾಗುತ್ತೆ ಅಂದೆ. ಕಿವಿಗೊಟ್ಟು ಮಲಗಿದಳು, ಮೂರಕ್ಕೇ ನಿದ್ದೆ ಹೋದಳು.

ಮನೆಗೆ ಬಂದು ಚೀಲ ಕೊಡವಿದರೆ ಒಂದು ಹಿಡಿ ಮರಳು ಬಿತ್ತು. ಫ್ರಿಜ್ಜಿನ ಮೇಲೆ ಆ ಮೂರು ಷರತ್ತಿನ ಹಾಳೆ ಇನ್ನೂ ಅಂಟಿಸಿದೆ. ಹೋದ ವಾರ ನೋಡಿದರೆ ಕೆಳಗೆ ನಾಲ್ಕನೆಯದೊಂದು ಸೇರಿತ್ತು: ಸಕಲೇಶಪುರದಲ್ಲೇ ಸುಸು ಮಾಡಬೇಕು.

ಫೋನಿನ ಕ್ಯಾಲೆಂಡರಿನಲ್ಲಿ ರಜೆಗೆ ಸರಿಯಾಗಿ 60 ದಿನ ಮುಂಚಿನ ತಾರೀಖಿಗೆ, ಬೆಳಗ್ಗೆ 7.50ಕ್ಕೆ ಅಲಾರಂ ಇಟ್ಟಿದ್ದೀನಿ. ಈ ಸಲ ಗುಂಡನಿಗೂ ಒಂದು ಸೀಟು.